ಅರಿಸಿನ ನೀರಲ್ಲಿ ಮಿಂದ ಮೊಟ್ಟೆಗಳು

ಬೆಳಗಿನ ಹೊತ್ತು ಒಲೆಯ ಮುಂದೆ ನಿಂತು ಮೊಟ್ಟೆ ಒಡೆಯುವಾಗ ನನ್ನ ಬೆನ್ನ ಹಿಂದೆ ಅವರು ಬಂದು ನಿಂತಿರುತ್ತಾರೆ. ನಾನು ತಿರುಗಿ ನೋಡುವುದಿಲ್ಲ. ನೋಡಿದರೆ ಅಲ್ಲಿ ಯಾರೂ ಇರುವುದಿಲ್ಲ ಎಂದು ಗೊತ್ತು, ನೋಡದಿದ್ದರೆ ಇನ್ನೊಂದು ಗಳಿಗೆ ಇರುತ್ತಾರೆ. ನಿದ್ದೆ ಪೂರ್ತಿ ಬಿಟ್ಟಿರದ ಆ ಹೊತ್ತಿನಲ್ಲಿ ಇಂಥದ್ದೆಲ್ಲ ನಡೆಯುತ್ತದೆ. ವಿಭೂತಿಯ ತೆಳು ವಾಸನೆ, ಬಳೆಯ ಸದ್ದು, ಆಮೇಲೆ ಆ ದನಿ. "ಸೀದಾ ಬಾಣಲೆಗೆ ಒಡೀಬ್ಯಾಡಿ ಟೀಚರಮ್ಮ. ಮೊದ್ಲು ಲೋಟಕ್ಕೆ ಒಡ್ಕಳಿ. ಕೆಟ್ಟಿದ್ರೆ ಒಂದೇ ಹೋಯ್ತದೆ." ನಾನು ಬಾಯಿ ಮುಚ್ಚಿಕೊಂಡು ಲೋಟ ತೆಗೆದುಕೊಳ್ಳುತ್ತೇನೆ.

ಅವರು ನನ್ನ ಮನೆ ಮಾಲೀಕರು. ಚನ್ನಪಟ್ಟಣದಲ್ಲಿ ಅವರ ಮನೆಯ ಹಿಂದಿನ ಕೋಣೆಯಲ್ಲಿ ನಾನು ಕೆಲವು ವರ್ಷ ಬಾಡಿಗೆಗಿದ್ದೆ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೆ ಸತ್ತಲ್ಲಿಂದಲೇ ಎದ್ದು ಬಂದು, "ನನ್ನ ಸಮಾಚಾರ ಊರಿಗೆಲ್ಲ ಯಾಕೆ ಬೇಕಿತ್ತು?" ಎಂದು ಕೇಳುವ ಹೆಂಗಸು. ಕೇಳಿದ ಮೇಲೆ ಕಾಫಿ ಕೊಡದೆ ಕಳಿಸುವವರೂ ಅಲ್ಲ.

ನನ್ನದು ಕೋಡಿಹಳ್ಳಿ ಕಡೆ, ಹೊಲಮನೆ ಮಾಡಿಕೊಂಡು ಕೋಳಿ ಸಾಕುವವರ ಪೈಕಿ. ದೊಡ್ಡಮಳೂರಿನ ಆಚೆಯ ಒಂದು ಶಾಲೆಗೆ ಟೀಚರಾಗಿ ಬಂದಾಗ ಕೋಣೆ ಹುಡುಕುತ್ತಾ ಇವರ ಬಾಗಿಲಿಗೆ ಬಂದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಯಾವ ಊರು, ಯಾವ ಜನ ಎಂದು ಕೇಳದೆಯೇ ಎಲ್ಲ ತಿಳಿದುಕೊಂಡವರಂತೆ ಒಂದೇ ಷರತ್ತು ಹಾಕಿದರು. "ನೀವು ಎಲ್ಲಾದ್ರೂ ತಿನ್ಕಳಿ, ಏನಾದ್ರೂ ತಿನ್ಕಳಿ. ನನ್ನ ಹೊಸ್ಲು ದಾಟಿ ಒಳೀಕೆ ಮಾತ್ರ ತರಬ್ಯಾಡಿ." ಅವರದು ಶಿವಪೂಜೆಯ ಮನೆ. ಮೊಟ್ಟೆ ಎಂಬ ಶಬ್ದವನ್ನೂ ಅವರು ಬಾಯಲ್ಲಿ ಆಡುತ್ತಿರಲಿಲ್ಲ. 'ಬಿಳೇದು' ಎನ್ನುತ್ತಿದ್ದರು. ನಮ್ಮ ಶಾಲೆಯಲ್ಲಿ ಬಿಸಿಯೂಟದ ಜೊತೆ ಮಕ್ಕಳಿಗೆ ಮೊಟ್ಟೆ ಕೊಡುವ ದಿನ ನಾವೂ ಕೂತು ಸಿಪ್ಪೆ ಸುಲಿಯುತ್ತಿದ್ದೆವು. ಆ ಸಂಜೆ ನಾನು ಗೇಟು ತೆಗೆಯುವ ಮುಂಚೆಯೇ ಅವರಿಗೆ ಗೊತ್ತಾಗುತ್ತಿತ್ತು. "ಇವತ್ತು ಬಿಳೇದಾ?" ಎಂದು ಕೇಳಿ ಹಿತ್ತಲ ನಲ್ಲಿಯ ಕಡೆ ಕಣ್ಣು ಮಾಡುತ್ತಿದ್ದರು. ನಲ್ಲಿಯ ಪಕ್ಕ ತೆಂಗಿನ ಚಿಪ್ಪಿನಲ್ಲಿ ನನಗೆಂದೇ ಒಂದು ಸೋಪು ಇರುತ್ತಿತ್ತು.

ಆ ಬೀದಿ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಎದುರು ಸಾಲಿನ ಮನೆಗಳಲ್ಲಿ ಬೊಂಬೆ ಮಾಡುವವರು. ಮಧ್ಯಾಹ್ನವೆಲ್ಲ ಮರ ಕಡೆಯುವ ಲೇತಿನ ಜೋಗುಳದಂಥ ಸದ್ದು, ಬಿಸಿಯಾದ ಅರಗಿನ ವಾಸನೆ, ಗಾಳಿ ಬಂದರೆ ಹೊಸ್ತಿಲಿನವರೆಗೆ ಹಾರಿಬರುವ ಕೆಂಪು ಹಳದಿ ಹೊಟ್ಟು. ಅಡುಗೆಮನೆಯ ಸೂರಿನಲ್ಲಿ ಒಂದು ಗಾಜಿನ ಹೆಂಚಿತ್ತು. ಅದರಿಂದ ಇಳಿಯುವ ಬಿಸಿಲಕೋಲು ಬೆಳಗ್ಗೆ ಒಲೆಯ ಮೇಲಿದ್ದು, ನಿಧಾನವಾಗಿ ಗೋಡೆ ಹತ್ತಿ, ಸಂಜೆಯ ಹೊತ್ತಿಗೆ ಎಲ್ಲಿಗೋ ಹೋಗಿಬಿಡುತ್ತಿತ್ತು. ಅವರು ಆ ಬೆಳಕಿನ ಸುತ್ತಲೇ ಓಡಾಡುತ್ತಿದ್ದರು. ಕಾಯಲು ಇಟ್ಟ ಹಾಲಿನ ಜೊತೆ ಮಾತಾಡುತ್ತಿದ್ದರು. "ಇರು ಇರು, ಎಲ್ಲಿಗೆ ಹೊಂಟೆ?" ಎಂದರೆ ಹಾಲು ಕೇಳುತ್ತಿತ್ತೋ ಇಲ್ಲವೋ, ನಾನಿದ್ದಷ್ಟು ದಿನ ಉಕ್ಕಿದ್ದನ್ನು ನೋಡಲಿಲ್ಲ. ಹಾದುಹೋಗುವಾಗ ನೀರಿನ ಮಡಕೆಯ ಹೊಟ್ಟೆಗೆ ಅಂಗೈ ಇಟ್ಟು ತಣ್ಣಗಿದೆಯೇ ಎಂದು ನೋಡುವುದು ಅವರ ಅಭ್ಯಾಸ. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಗಂಡ ಬೊಂಬೆ ಅಂಗಡಿ ಇಟ್ಟಿದ್ದವರು. ಮಾತು ಬಹಳ ಕಮ್ಮಿ. ಮನೆಯಲ್ಲಿ ಏನಾದರೂ ಎಡವಟ್ಟಾದರೆ ಪೇಪರ್ ಎತ್ತಿ ಮುಖಕ್ಕೆ ಹಿಡಿಯುತ್ತಿದ್ದರು. "ನಮ್ಮ ಯಜಮಾನ್ರಿಗೆ ಕಾಣದೇ ಇರೋದು ಬೋ ಚೆನ್ನಾಗಿ ಬತ್ತದೆ" ಎಂದು ಇವರು ನಗುತ್ತಿದ್ದರು.

ಒಬ್ಬಳೇ ಮಗಳು ಗಿರಿಜ. ಮಾಗಡಿಗೆ ಕೊಟ್ಟಿದ್ದರು. ಅವಳ ಮೊದಲ ಬಸಿರು ಏಳನೇ ತಿಂಗಳಲ್ಲಿ ಹೋಗಿತ್ತು. ಅದಾದ ಮೇಲೆ ಇವರು, ಶಿವಪೂಜೆಯ ಮನೆಯವರು, ಮಗಳನ್ನು ಕರೆದುಕೊಂಡು ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಹತ್ತಿರ ಹೋಗಿ ತೊಟ್ಟಿಲ ಹರಕೆ ಹೊತ್ತು ಬಂದಿದ್ದರು. "ಕೂಸು ಕೊಡೋ ದೇವ್ರನ್ನ ಯಾವ ಜನ ಅಂತ ಕೇಳಕ್ಕಾಯ್ತದಾ?" ಎಂದರು ನನಗೆ. ಎರಡನೇ ಸಲ ಗಿರಿಜ ತವರಿಗೆ ಬಂದಾಗ ಅವಳ ತುಟಿ, ಉಗುರು ಎಲ್ಲ ಬಿಳುಚಿಕೊಂಡಿದ್ದವು. ಮೆಟ್ಟಿಲು ಹತ್ತಿದರೆ ಏದುಸಿರು. ಮಾತ್ರೆ ನುಂಗಿದರೆ ವಾಂತಿ. ಆಸ್ಪತ್ರೆಯ ಡಾಕ್ಟರಮ್ಮ, "ಮೈಯಲ್ಲಿ ರಕ್ತವೇ ಇಲ್ಲವಲ್ಲ, ಮಾತ್ರೆಯ ಜೊತೆ ಸೊಪ್ಪು, ಕಾಳು, ದಿನಾ ಮೊಟ್ಟೆ ಎಲ್ಲ ಕೊಡಿ. ಹೀಗೇ ಬಿಟ್ಟರೆ ಈ ಸಲವೂ ಕಷ್ಟ" ಎಂದು ನೇರವಾಗಿ ಹೇಳಿಬಿಟ್ಟರು.

ಅವತ್ತು ಸಂಜೆ ಅವರು ನನ್ನ ಕೋಣೆಯ ಮೆಟ್ಟಿಲ ಮೇಲೆ ಬಂದು ಕೂತರು. ಸೆರಗಿನ ತುದಿಯನ್ನು ಸುತ್ತಿದರು, ಬಿಚ್ಚಿದರು. ಆಮೇಲೆ ಕೇಳಿದರು.

"ನಿಮ್ಮ ಊರಲ್ಲಿ ಆ ಬಿಳೇದನ್ನ ಎಲ್ಲಿ ಮಡಗ್ತಾರೆ ಟೀಚರಮ್ಮ?"

"ನಮ್ಮಜ್ಜಿ ರಾಗಿ ಮಡಕೆಯೊಳಗೆ ಹೂತಿಡ್ತಿದ್ರು ಅಮ್ಮ."

"ಉಣ್ಣೋ ರಾಗಿ ಒಳಗಾ?" ಎಂದು ಕಿವಿ ಮುಚ್ಚಿಕೊಂಡರು. "ನಮ್ಮನೇಲಿ ಅದೆಲ್ಲ ಆಗಕ್ಕಿಲ್ಲ. ನೀವು ತಂದ್ಕೊಡಿ. ಜಾಗ ನಾನು ನೋಡ್ಕತೀನಿ. ಅವ್ಳು ನನ್ನ ಮಗ್ಳು ಕಣವ್ವ, ನಾನು ಏನಂತ ಬ್ಯಾಡ ಅನ್ಲಿ?"

ನಾನು ಒಂದು ಟ್ರೇ ತಂದು ಕೊಟ್ಟು, ಬೇಸಿಗೆ ರಜೆಗೆ ಊರಿಗೆ ಹೊರಟುಹೋದೆ. ಆ ಸಲ ಬಿಸಿಲು ವಿಪರೀತ. ಕೋಡಿಹಳ್ಳಿಯಲ್ಲಿ ಹುಣಸೆ ಮರದಡಿ ಮಲಗಿ ಎದ್ದು ಮಲಗಿ ದಿನ ಕಳೆಯುತ್ತಿದ್ದಾಗ ಫೋನು ಬಂತು. ಆ ಕಡೆ ಮಾತಿಲ್ಲದ ಯಜಮಾನರು. "ಗಿರಿಜಂಗೆ ವಾಂತಿ ಭೇದಿ ಕಣವ್ವ. ಆಸ್ಪತ್ರೆಗೆ ಸೇರ್ಸೀವಿ. ಒಸಿ ಬರ್ತೀಯಾ, ಅವ್ರವ್ವ ನನ್ನ ಮಾತು ಕೇಳ್ತಿಲ್ಲ." ಕನಕಪುರದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಬಂದೆ. ದಾರಿಯುದ್ದಕ್ಕೂ ರಾಮನಗರದ ಬಂಡೆಗಳು ಬಿಸಿಲಲ್ಲಿ ಅಲ್ಲಾಡುತ್ತಿದ್ದ ಹಾಗೆ ಕಾಣುತ್ತಿದ್ದವು.

ಗಿರಿಜ ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಕೈಗೆ ಡ್ರಿಪ್ಪು. ಇವರು ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಅದು ಅಲ್ಲಿಂದ ಕದಲಿದರೆ ಏನೋ ಆಗಿಬಿಡುತ್ತದೆ ಎನ್ನುವಂತೆ ಕೂತಿದ್ದರು. ಡಾಕ್ಟರಮ್ಮ ಒಂದೊಂದಾಗಿ ಕೇಳುತ್ತಾ ಹೋದರು. ನೀರು ಎಲ್ಲಿಯದು, ಹೊರಗಡೆ ಏನಾದರೂ ತಿಂದರೇ, ಮೊಟ್ಟೆ ಎಲ್ಲಿಟ್ಟಿದ್ದಿರಿ, ಹೇಗೆ ಬೇಯಿಸಿದಿರಿ.

ಆಗ ಎಲ್ಲ ಹೊರಬಿತ್ತು. ಮೊಟ್ಟೆ ಮನೆಗೆ ಬಂದ ದಿನವೇ ಇವರು ಎಲ್ಲವನ್ನೂ ಅರಿಸಿನ ನೀರಿನಲ್ಲಿ ಮುಳುಗಿಸಿ, ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ ಮೀಯಿಸಿದ್ದರು. ಹೊರಗಿನಿಂದ ಬಂದ ಯಾವುದೂ ಆ ಮನೆಯಲ್ಲಿ ನೀರು ಕಾಣದೆ ಒಳಗೆ ಹೋಗುತ್ತಿರಲಿಲ್ಲ; ಇದಂತೂ ಕೋಳಿಯ ಹೊಟ್ಟೆಯಿಂದ ಬಂದದ್ದು. ಅಡುಗೆಮನೆಯಲ್ಲಿ ದೇವರ ಗೂಡಿತ್ತು, ಫ್ರಿಜ್ಜಿನಲ್ಲಿ ಪೂಜೆಯ ಹೂವಿತ್ತು. ಹಾಗಾಗಿ ಒದ್ದೆ ಮೊಟ್ಟೆಗಳನ್ನು ಒದ್ದೆ ಬಟ್ಟೆಯಲ್ಲೇ ಸುತ್ತಿ ಬಚ್ಚಲುಮನೆಯ ಗೂಡಿನಲ್ಲಿ ಇಟ್ಟಿದ್ದರು. ಪಕ್ಕದಲ್ಲೇ ನೀರು ಕಾಯುವ ಹಂಡೆ. ದಿನಾ ಬೆಳಗ್ಗೆ ಬೆಂಕಿ, ಹೊಗೆ, ಹಬೆ. ಬೇಯಿಸುವುದು ಹಿತ್ತಲಲ್ಲಿ, ಸಣ್ಣ ಸ್ಟವ್ ಮೇಲೆ. ಬೀದಿಗೆ ವಾಸನೆ ಹೋದೀತೆಂಬ ಹೆದರಿಕೆಗೆ ನೀರು ಕುದಿ ಬಂದ ಕೂಡಲೇ ಇಳಿಸಿಬಿಡುತ್ತಿದ್ದರು. ಒಳಗೆ ಹಳದಿ ಇನ್ನೂ ನೀರಾಗಿರುತ್ತಿತ್ತು.

ಡಾಕ್ಟರಮ್ಮ ಬೈಯಲಿಲ್ಲ. ಅವರ ಹತ್ತಿರ ಕೂತು ನಿಧಾನವಾಗಿ ಹೇಳಿದರು. "ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು ಇರ್ತವೆ ಅಮ್ಮ. ಅದರ ಮೇಲೆ ಒಂದು ತೆಳು ಪದರ ಇರುತ್ತೆ, ಅದೇ ಅದಕ್ಕೆ ಕಾವಲು. ತಂದ ಕೂಡಲೇ ಉಜ್ಜಿ ತೊಳೆದರೆ ಕಾವಲು ಹೋಯ್ತು. ಒದ್ದೆ, ಶಾಖ ಎರಡೂ ಸೇರಿದರೆ ಕ್ರಿಮಿ ಒಳಗೆ ಹೋಗಿ ಬೆಳೆಯುತ್ತೆ. ಗಲೀಜಿದ್ದರೆ ಒಣಬಟ್ಟೆಯಲ್ಲಿ ಒರೆಸಿ. ತೊಳೆಯಲೇಬೇಕು ಅಂದರೆ ಬೇಯಿಸೋ ಹೊತ್ತಿಗೆ ತೊಳೀರಿ. ತಣ್ಣಗೆ ಇಡಿ, ಹಳದಿ ಗಟ್ಟಿಯಾಗೋವರೆಗೂ ಬೇಯಿಸಿ."

"ಶುದ್ಧ ಆಗ್ಲಿ ಅಂತ ತೊಳ್ದೆ ಕಣವ್ವ," ಎಂದರು ಇವರು. ಮಗುವಿನ ಎದೆಬಡಿತ ಸರಿಯಿದೆ ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದ ಮೇಲೂ ಅವರು ಅಂಗೈ ತೆಗೆಯಲಿಲ್ಲ.

ಮನೆಗೆ ಬಂದು ನಾನೇ ಬಚ್ಚಲು ಮನೆಯ ಗೂಡು ನೋಡಿದೆ. ಉಳಿದಿದ್ದ ಮೊಟ್ಟೆಗಳು ತಿಳಿಹಳದಿ ಬಣ್ಣಕ್ಕೆ ತಿರುಗಿ, ಮಂಗಳಸ್ನಾನ ಮುಗಿಸಿ ಕೂತ ಮದುವಣಗಿತ್ತಿಯರ ಹಾಗೆ ಸಾಲಾಗಿ ಕೂತಿದ್ದವು. ನಗು ಬಂತು, ಅಳುವೂ ಬಂತು. ಹಳಸಿದ್ದು ತೇಲುತ್ತದೆ; ಬಕೆಟ್ಟಿನ ನೀರಿಗೆ ಹಾಕಿದರೆ ಮುಕ್ಕಾಲುಪಾಲು ತೇಲಿದವು. ಇವರು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು.

ಅಂದಿನಿಂದ ಅವರು ಬೇರೆಯೇ ಆದರು. ಮರುದಿನ ಬೆಳಗ್ಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ಫ್ರಿಜ್ಜಿನ ಬಾಗಿಲು ತೆರೆದರು. ಆಮೇಲೆ ಪೂಜೆಯ ಹೂವನ್ನು ತೆಗೆದು ಒದ್ದೆ ಬಾಳೆಲೆಯಲ್ಲಿ ಸುತ್ತಿ ದೇವರ ಗೂಡಿನ ಪಕ್ಕ ಇಟ್ಟರು. "ಹೂವು ಹೊರಗಿದ್ರೂ ಬದುಕ್ತದೆ," ಎಂದರು. ಕೆಳಗಿನ ಹಲಗೆ ಖಾಲಿಯಾಯಿತು. ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆಗೆಂದೇ ಗುಳಿಗಳಿದ್ದ ತಟ್ಟೆಯೊಂದಿತ್ತು; ಅದರಲ್ಲಿ ಅವರು ಅಷ್ಟು ವರ್ಷ ನಿಂಬೆಹಣ್ಣು ಇಡುತ್ತಿದ್ದರು. ನಾನು ಅಲ್ಲೇ ಇಡಬಹುದಲ್ಲ ಎಂದರೆ ಒಪ್ಪಲಿಲ್ಲ. "ಬಾಗ್ಲು ತಗ್ದಾಗೆಲ್ಲ ಬಿಸಿ ಗಾಳಿ ಹೊಡೀತದೆ. ಡಾಕ್ಟರಮ್ಮನ್ನ ಕೇಳ್ಕಂಡೇ ಬಂದಿವ್ನಿ. ಒಳಗಡೆ, ಮುಚ್ಚಿ ಮಡಗ್ಬೇಕು."

ಯಾವುದರಲ್ಲಿ ಮುಚ್ಚಿಡುವುದು ಎಂದು ಅವರು ಪಾತ್ರೆ ಹುಡುಕುತ್ತಿರುವಾಗ ಯಜಮಾನರು ಪೇಪರ್ ಹಿಡಿದು ಕೂತೇ ಇದ್ದರು. ಆದರೆ ಸಂಜೆ ಅಂಗಡಿಯಿಂದ ಬಂದವರು ಒಂದು ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೋದರು. ಬೊಂಬೆ ಮಾಡುವ ಹಾಲೆಮರದ್ದು, ಕೆಂಪು ಹಳದಿ ಅರಗು ಹಾಕಿದ್ದು, ಮುಚ್ಚಳ ಇರುವಂಥದ್ದು. ತೆಗೆದು ನೋಡಿದರೆ ಒಳಗೆ ದುಂಡನೆಯ ಗುಳಿಗಳು. ಎದುರುಮನೆಯ ಲೇತಿನವರಿಂದ ಮಾಡಿಸಿದ್ದರು. ಯಾತಕ್ಕೆ ಎಂದು ಲೇತಿನವರು ಕೇಳಿದ್ದಕ್ಕೆ, ಬುಗುರಿ ಇಡಕ್ಕೆ ಅಂದಿದ್ದರಂತೆ. ಇವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಮುಂದಿನ ಕೋಣೆಗೆ ಕೇಳುವ ಹಾಗೆ, "ಕೆಲವ್ರಿಗೆ ಒಂದೊಂದ್ಸಲ ಕಾಣ್ತದೆ ಟೀಚರಮ್ಮ," ಎಂದರು. ಪೇಪರ್ ಅಲ್ಲಾಡಲಿಲ್ಲ.

ಆ ದಿನಗಳಲ್ಲಿ ನೋಡಿದ ಒಂದು ನೋಟ ನನ್ನ ಕಣ್ಣಿನಲ್ಲೇ ನಿಂತಿದೆ. ಹೊಸದಾಗಿ ತಂದ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ, ಬಿರುಕಿದೆಯೇ ಎಂದು ಬೆರಳ ತುದಿಯಲ್ಲಿ ಸವರಿ, ಗಾಜಿನ ಹೆಂಚಿನ ಬಿಸಿಲಕೋಲಿಗೆ ಹಿಡಿಯುತ್ತಿದ್ದರು. ಬೆಳಕು ಚಿಪ್ಪಿನೊಳಗೆ ಇಳಿದು ಇಡೀ ಮೊಟ್ಟೆ ನಸುಗೆಂಪಾಗುತ್ತಿತ್ತು, ಹಿಡಿದ ಬೆರಳುಗಳೂ ಕೆಂಪಾಗುತ್ತಿದ್ದವು. ಒಳಗೆ ಒಂದು ಮಸುಕು ನೆರಳು ತೇಲುತ್ತಿತ್ತು. "ಒಳಗೇನೋ ಮಗ್ಗಲು ಬದಲಾಯಿಸ್ತು ನೋಡಿ," ಎಂದು ಪಿಸುಗುಡುತ್ತಿದ್ದರು. ಹೊರಗೆ ಲೇತು ಸುತ್ತುತ್ತಿತ್ತು. ಆ ಮನೆಯಲ್ಲಿ ಆಗ ಹೊತ್ತೇ ಇರಲಿಲ್ಲ ಅನಿಸುತ್ತದೆ, ಆ ಬೆಳಕಿತ್ತು, ಅಷ್ಟೇ. ಬಿರುಕು ಬಿಟ್ಟದ್ದು ಎಷ್ಟೇ ಸಣ್ಣದಿದ್ದರೂ ತಿಪ್ಪೆಗೆ. ಹಳೆಯದು ಮುಂದಕ್ಕೆ, ಹೊಸದು ಹಿಂದಕ್ಕೆ. ಎಲ್ಲ ಆದ ಮೇಲೆ ಹಿತ್ತಲ ನಲ್ಲಿಗೆ ಹೋಗಿ ನನ್ನ ಸೋಪಿನಲ್ಲೇ ಕೈ ತೊಳೆಯುತ್ತಿದ್ದರು.

ಬೇಯಿಸುವುದೂ ಈಗ ಅಡುಗೆಮನೆಯಲ್ಲೇ. ಗಡಿಯಾರ ನೋಡುವ ಅಭ್ಯಾಸ ಅವರಿಗಿರಲಿಲ್ಲ. ನೀರು ಕುದಿ ಬಂದ ಮೇಲೆ ಜಪಮಾಲೆ ಹಿಡಿದು ಎರಡು ಸುತ್ತು ಜಪ ಮಾಡಿ ಇಳಿಸುತ್ತಿದ್ದರು. "ಶಿವನ ಹೆಸರಲ್ಲಿ ಏನೇನು ಬೇಯಿಸ್ತೀಯೇ ನೀನು?" ಎಂದು ಯಜಮಾನರು ಒಮ್ಮೆ ಕೇಳಿಯೇಬಿಟ್ಟರು. "ನಿಮ್ಮ ಮೊಮ್ಮಗೂಗೆ ಊಟ," ಎಂದರು ಇವರು, ಮಣಿ ಬಿಡದೆ.

ಇಷ್ಟೆಲ್ಲ ಮಾಡಿದ್ದು ಗಿರಿಜ ತಿನ್ನಲಿ ಎಂದು. ಆದರೆ ಗಿರಿಜ ತಿನ್ನಲಿಲ್ಲ.

ಆಸ್ಪತ್ರೆಯಿಂದ ಬಂದವಳಿಗೆ ತಟ್ಟೆ ಕಂಡರೇ ಹೊಟ್ಟೆ ತೊಳೆಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಭಯ. ಒಂದು ಕೂಸನ್ನು ಕಳೆದುಕೊಂಡವಳು, ಇನ್ನೊಂದನ್ನು ಕಳೆದುಕೊಳ್ಳುವ ಹತ್ತಿರ ಹೋಗಿ ಬಂದವಳು. ತಾಯಿ ಒಂದು ದಿನ ಸಿಪ್ಪೆ ಸುಲಿದು ತಂದರೆ ಗೋಡೆಯ ಕಡೆ ಹೊರಳಿದಳು. ಮರುದಿನವೂ ಹೊರಳಿದಳು. ರಕ್ತ ಪರೀಕ್ಷೆ ಮಾಡಿದರೆ ಮೊದಲಿಗಿಂತ ಕಮ್ಮಿ. ಡಾಕ್ಟರಮ್ಮ ಈ ಸಲ ನನ್ನನ್ನು ಪಕ್ಕಕ್ಕೆ ಕರೆದು, "ಹೆರಿಗೆ ಹೊತ್ತಿಗೆ ಇವಳು ತಡೆಯೋದು ಕಷ್ಟ. ಹೇಗಾದ್ರೂ ಮಾಡಿ ತಿನ್ನಿಸಿ" ಎಂದರು. ಮೂರನೆಯ ಸಲ ತಟ್ಟೆ ತಂದಾಗ ಗಿರಿಜ ಕಿರುಚಿಬಿಟ್ಟಳು.

"ನೀನು ಹುಟ್ಟಿದಾಗಿಂದ ಒಂದಿನಾನೂ ಮುಟ್ಟದ್ದನ್ನ ನಂಗ್ಯಾಕೆ ತಿನ್ನಿಸ್ತೀಯವ್ವ? ನಿಂಗೇ ಅಸಹ್ಯ ಅದು. ನಿಂಗೇನು ಗೊತ್ತು ಅದು ಒಳ್ಳೇದೋ ಕೆಟ್ಟದ್ದೋ?"

ನಾನು ಬಾಗಿಲಲ್ಲಿದ್ದೆ. ಒಳಗೆ ಹೋಗಬೇಕೋ ಹೊರಗೆ ಹೋಗಬೇಕೋ ತಿಳಿಯಲಿಲ್ಲ. ಇವರು ತಟ್ಟೆ ಹಿಡಿದುಕೊಂಡೇ ಮಗಳ ಹಾಸಿಗೆಯ ಅಂಚಿನಲ್ಲಿ ಕೂತರು. ಪಕ್ಕದ ಗೂಡಿನಲ್ಲಿದ್ದ ಸೂಜಿಡಬ್ಬಿಯಿಂದ ಹೊಸ ದಾರ ಎಳೆದು, ಮೊಟ್ಟೆಯ ಸುತ್ತ ಬಿಗಿದು ತುದಿಯಿಂದ ಒಂದು ಹೋಳು ಕತ್ತರಿಸಿದರು. ಲಿಂಗ ಕಟ್ಟಿದ ಕೊರಳ ಶಿವದಾರವನ್ನು ಒಂದು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು. ಏನು ಕೇಳಿಕೊಂಡರೋ. ಆಮೇಲೆ ಇನ್ನೊಂದು ಕೈಯಲ್ಲಿ ಆ ಹೋಳನ್ನು ಬಾಯಿಗಿಟ್ಟುಕೊಂಡರು.

ಗಂಟಲು ಒಮ್ಮೆ ಬೇಡವೆಂದಿತು, ಅವರು ಬಿಡಲಿಲ್ಲ. ನಿಧಾನವಾಗಿ ಅಗಿದು ನುಂಗಿದರು. ಗಿರಿಜ ಎದ್ದು ಕೂತು ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಒಸಿ ಉಪ್ಪು ಕಮ್ಮಿಯಾಗೈತೆ," ಎಂದರು.

ಗಿರಿಜ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ಅಳುತ್ತಲೇ ಬಾಯಿ ತೆರೆದಳು.

ಆಮೇಲೆ ಹಿತ್ತಲಲ್ಲಿ ನಾನು ಹೇಳಿದೆ. "ಅಮ್ಮ, ನೀವು ತಿಂದು ನೋಡಿದರೆ ಗೊತ್ತಾಗಲ್ಲ. ಕೆಟ್ಟದ್ದು ಕೆಲವು ಸಲ ರುಚಿಯಲ್ಲೂ ಕಾಣಲ್ಲ, ತಿಂದ ಕೂಡಲೇ ಹೊಟ್ಟೇನೂ ಕೆಡಲ್ಲ. ಜೋಪಾನವಾಗಿ ಇಟ್ಟು ಚೆನ್ನಾಗಿ ಬೇಯಿಸಿದೀರಲ್ಲ, ಅಷ್ಟು ಸಾಕು." ಅವರು ಬಾಯಿ ಮುಕ್ಕಳಿಸಿ ಉಗಿದು, ಸೆರಗಿನಲ್ಲಿ ಒರೆಸಿಕೊಂಡು, "ಅಷ್ಟೂ ಗೊತ್ತಿಲ್ವಾ ನಂಗೆ? ನಾನು ತಿಂದಿದ್ದು ಅದನ್ನ ನೋಡಕ್ಕಲ್ಲ. ಅವ್ಳು ನನ್ನ ನೋಡ್ಲಿ ಅಂತ," ಎಂದರು.

ಹೆರಿಗೆಯವರೆಗೂ ಹಾಗೇ ನಡೆಯಿತು. ಮೊದಲ ತುತ್ತು ತಾಯಿಗೆ, ಉಳಿದದ್ದು ಮಗಳಿಗೆ. ಅವಳ ಉಗುರಿಗೆ ಮೆಲ್ಲಗೆ ಬಣ್ಣ ಬಂತು. ಮೊಮ್ಮಗಳು ಹುಟ್ಟಿದಳು, ಹುಟ್ಟಿದ ಕೂಡಲೇ ಇಡೀ ವಾರ್ಡಿಗೆ ಕೇಳುವಂತೆ ಅತ್ತಳು. ಇವರು ಅವತ್ತು ತಲೆಗೆ ಸ್ನಾನ ಮಾಡಿ, ಇಡೀ ದಿನ ಉಪವಾಸವಿದ್ದು ಪೂಜೆ ಮಾಡಿದರು. ಮತ್ತೆ ಎಂದೂ ಮೊಟ್ಟೆಯನ್ನು ಬಾಯಿಗಿಡಲಿಲ್ಲ. ಆ ವಿಷಯ ಬೀದಿಗೂ ಹೋಗಲಿಲ್ಲ, ನೆಂಟರಿಗೂ ಹೋಗಲಿಲ್ಲ. ನಾನು ವರ್ಗವಾಗಿ ಬೇರೆ ಊರಿಗೆ ಬಂದ ಮೇಲೂ ಫೋನು ಮಾಡುತ್ತಿದ್ದರು. ಬೇಸಿಗೆ ಬಂತೆಂದರೆ, "ಟ್ರೇಗಟ್ಲೆ ತಂದು ಗುಡ್ಡೆ ಹಾಕ್ಕಬ್ಯಾಡಿ. ಬೇಯಿಸಿದ್ದನ್ನ ಹೊರಗೆ ಮಡಗಿ ಮರೀಬ್ಯಾಡಿ," ಎಂದು ಹೇಳಿ, ಕ್ಷೇಮಸಮಾಚಾರ ಆಮೇಲೆ ಕೇಳುತ್ತಿದ್ದರು.

ಅವರು ತೀರಿಕೊಂಡ ಮೇಲೆ ಶಿವಗಣಾರಾಧನೆಗೆ ಹೋಗಿದ್ದೆ. ಪಡಸಾಲೆಯ ತುಂಬ ಜನ. ಹೂವಿನ ಹಾರ ಹಾಕಿದ ಫೋಟೊದ ಮುಂದೆ ಅವರ ಕಡೆಯ ಒಬ್ಬ ಹಿರಿಯರು ನಿಂತು, ಕೈಮುಗಿದು, ಎರಡು ಮಾತಾಡಿದರು. ಒಳ್ಳೆಯ ಮನುಷ್ಯರೇ, ಮನಸ್ಸಿನಿಂದಲೇ ಆಡಿದರು. "ನಿಷ್ಠೆ ಅಂದ್ರೆ ಈ ತಾಯೀದು. ಹುಟ್ಟಿದಾಗಿಂದ ಸಾಯೋಗಂಟ ಆಚಾರ ತಪ್ಪಿದವ್ಳಲ್ಲ. ಮಾಂಸ ಮೊಟ್ಟೆ ಸೋಂಕದ ನಾಲಿಗೆ ಅದು."

ಎಲ್ಲರೂ ತಲೆದೂಗಿದರು. ಯಜಮಾನರು ನೆಲ ನೋಡುತ್ತಿದ್ದರು. ನಾನೂ ಸುಮ್ಮನಿದ್ದೆ, ಸತ್ತವರ ಗುಟ್ಟು ಸತ್ತವರ ಜೊತೆ ಹೋಗಲಿ ಎಂದು. ಆದರೆ ಗಿರಿಜ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದು ನಿಂತಳು.

"ಇಲ್ಲ ದೊಡ್ಡಪ್ಪ. ನಮ್ಮವ್ವ ಮೊಟ್ಟೆ ತಿಂದವ್ಳೆ. ನಾನು ಭಯಕ್ಕೆ ತಿಂತಿರ್ಲಿಲ್ಲ ಅಂತ, ಇವ್ಳು ಹುಟ್ಟೋಗಂಟ ದಿನಾ ನನ್ನ ಮುಂದೆ ಕೂತು ಮೊದ್ಲು ತಾನು ತಿಂದವ್ಳೆ. ಅದನ್ನ ಬುಟ್ಟು ನಮ್ಮವ್ವನ್ನ ಹೊಗಳಬ್ಯಾಡಿ."

ತಲೆಗಳೆಲ್ಲ ಅವಳ ಕಡೆ ತಿರುಗಿದವು. ಮಗು ತಾಯಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಿತು. ಅದಕ್ಕೆ ತಿಳಿಯಬೇಕಾದದ್ದೇ ಬೇರೆ.

"ಅಜ್ಜಿ ಹಳದೀದೂ ತಿಂತಿತ್ತಾ?"

"ಇಲ್ಲ ಮಗ," ಎಂದಳು ಗಿರಿಜ. "ಬಿಳೀದು ಒಂದು ಚೂರು ತಿಂದು, ಹಳದೀದೆಲ್ಲ ನನ್ನ ಹೊಟ್ಟೇಲಿದ್ದ ನಿಂಗೇ ಬುಡ್ತಿತ್ತು."

ಹಿರಿಯರು ಆ ಮಗುವನ್ನು ನೋಡುತ್ತಾ ನಿಂತರು. ಆಮೇಲೆ ಫೋಟೊದ ಕಡೆ ತಿರುಗಿ, ದೇವರ ಮುಂದೆ ಮಾಡುವಂತೆ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಇನ್ನೊಂದು ಸಲ ಕೈಮುಗಿದರು.